ಹನ್ನೆರಡು ಎಂದು ಮಿನುಗುವ ದೀಪ

ಅಮೆರಿಕದ ಹಳೆಯ ಷೆವ್ರೊಲೆ ಪಿಕಪ್ ಟ್ರಕ್ ಒಂದನ್ನು ನೆನೆಸಿಕೊಳ್ಳಿ. 1990ರ ಆಸುಪಾಸಿನದು. ಸ್ಟೀರಿಂಗಿನ ಕೆಳಗೆ, ಡ್ರೈವರನ ಮೊಣಕಾಲಿನ ಹತ್ತಿರ, ಪುಟ್ಟ ಪ್ಲಾಸ್ಟಿಕ್ ಕನೆಕ್ಟರ್ ಇದೆ. ಅದರ ಎ ಮತ್ತು ಬಿ ಎಂಬ ಎರಡು ತೂತುಗಳಿಗೆ ಬಗ್ಗಿಸಿದ ಪೇಪರ್ ಕ್ಲಿಪ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಸಣ್ಣ ದೀಪವೊಂದು ಮಿನುಗತೊಡಗುತ್ತದೆ. ಒಂದು ಮಿನುಗು, ಸ್ವಲ್ಪ ಬಿಡುವು, ಮತ್ತೆರಡು ಮಿನುಗು. ಅಂದರೆ ಹನ್ನೆರಡು. ಹೀಗೆ ಮೂರು ಸಲ. ಎಂಜಿನ್ ತಿರುಗುತ್ತಿಲ್ಲ, ಡಿಸ್ಟ್ರಿಬ್ಯೂಟರಿನಿಂದ ಸಂಕೇತ ಬರುತ್ತಿಲ್ಲ ಎಂಬುದು ಇದರ ಅರ್ಥ. ನಿಂತ ಗಾಡಿಯ ಮಟ್ಟಿಗೆ ಇದು ನಿಜವಾದ ಮಾತು. ಕಂಪ್ಯೂಟರ್ ಎಚ್ಚರವಾಗಿದೆ ಎಂದು ತಿಳಿಯುವುದು ಹೀಗೆ. ಇದಾದ ಮೇಲೆ ಅದು ತನ್ನ ನೆನಪಿನಲ್ಲಿರುವ ದೂರುಗಳನ್ನು ಒಂದೊಂದಾಗಿ ಮಿನುಗಿಸುತ್ತದೆ.

ಹದಿನೈದು ಎಂದು ಮಿನುಗಿತು ಎನ್ನಿ. ಪುಸ್ತಕ ತೆರೆದರೆ 'ಕೂಲೆಂಟ್ ತಾಪದ ಸೆನ್ಸರ್' ಎಂದಿರುತ್ತದೆ. ಅವಸರದವರು ಅಂಗಡಿಗೆ ಹೋಗಿ ಹೊಸ ಸೆನ್ಸರ್ ತಂದು ಹಾಕುತ್ತಾರೆ. ಮರುದಿನ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ತಪ್ಪು ದೀಪದ್ದಲ್ಲ, ಓದಿದವರದ್ದು. ಕಂಪ್ಯೂಟರ್ ಸೆನ್ಸರನ್ನು ಕಂಡಿಲ್ಲ. ಅದು ಕಂಡದ್ದು ತಂತಿಯ ಮೇಲಿನ ವೋಲ್ಟೇಜನ್ನು ಮಾತ್ರ. ಎಂಜಿನ್ ತಣ್ಣಗಿದ್ದಷ್ಟೂ ಆ ಸೆನ್ಸರಿನ ರೋಧ ಹೆಚ್ಚು. ತಂತಿಯೇ ಕಡಿದುಹೋಗಿದ್ದರೆ ರೋಧಕ್ಕೆ ಮಿತಿಯೇ ಇಲ್ಲ. ಹೊರಗೆ ಸುಡುಬಿಸಿಲಿದ್ದರೂ ಕಂಪ್ಯೂಟರಿನ ಪಾಲಿಗೆ ಅದು ಧ್ರುವಪ್ರದೇಶದ ಚಳಿ.

ಬಲ್ಲ ಮೆಕ್ಯಾನಿಕ್ ಏನು ಮಾಡುತ್ತಾನೆ? ಸೆನ್ಸರಿನ ಪ್ಲಗ್ ಕಿತ್ತು, ಅದರ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸುತ್ತಾನೆ. ಕಂಪ್ಯೂಟರ್ ಈಗ ತಲೆಕೆಳಗಾಗಿ 'ವಿಪರೀತ ಬಿಸಿ' ಎಂದು ಹದಿನಾಲ್ಕನೇ ಕೋಡ್ ತೋರಿದರೆ ವೈರಿಂಗ್ ಸರಿಯಿದೆ, ಸೆನ್ಸರೇ ಕೆಟ್ಟಿದೆ. ಇನ್ನೂ ಚಳಿ ಎಂದೇ ಹಟ ಹಿಡಿದರೆ ತಂತಿ, ಕನೆಕ್ಟರ್, ಅರ್ತಿಂಗ್, ಇಲ್ಲವೇ ಸ್ವತಃ ಕಂಪ್ಯೂಟರಿನಲ್ಲಿ ತೊಂದರೆ. ಖರ್ಚಾದದ್ದು ಒಂದು ಚೂರು ತಂತಿ. ಕೋಡ್ ಎಂಬುದು ತೀರ್ಪಲ್ಲ, ಸಾಕ್ಷಿಯ ಹೇಳಿಕೆ. ಅದನ್ನು ಪಾಟಿಸವಾಲಿಗೆ ಒಳಪಡಿಸಬೇಕು.

ಗಾಡಿಗೆ ಈ ಸಾಕ್ಷಿಯನ್ನು ಕೂರಿಸಿದ್ದು ಯಾರು, ಏಕೆ? ಮೆಕ್ಯಾನಿಕ್‌ಗೆ ಅನುಕೂಲವಾಗಲಿ ಎಂದಷ್ಟೇ ಅಲ್ಲ. ಆ ಕಥೆ ಲಾಸ್ ಏಂಜಲೀಸ್ ನಗರದ ಗಾಳಿಯಿಂದ ಶುರುವಾಗುತ್ತದೆ.

1943ರ ಜುಲೈನಲ್ಲಿ ಆ ನಗರವನ್ನು ದಟ್ಟ ಹೊಗೆಮಂಜು ಕವಿಯಿತು. ಕಣ್ಣು ಉರಿಯಿತು, ಗಂಟಲು ಕೆರೆಯಿತು. ಮಹಾಯುದ್ಧದ ಕಾಲ, ಶತ್ರುಗಳ ವಿಷಾನಿಲ ದಾಳಿಯೇ ಎಂದು ಹೆದರಿದವರಿದ್ದರು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕ ಮಾಡುತ್ತಿದ್ದ ಕಾರ್ಖಾನೆಯ ಮೇಲೆ ಆರೋಪ ಬಂತು. ಅದನ್ನು ಹತೋಟಿಗೆ ತಂದ ಮೇಲೂ ಹೊಗೆಮಂಜು ಹೋಗಲಿಲ್ಲ. ಇಲ್ಲೂ ಮೊದಲು ಸಿಕ್ಕ ಸುಳಿವಿಗೇ ಶಿಕ್ಷೆಯಾಗಿತ್ತು.

ಒಗಟು ಬಿಡಿಸಿದ್ದು ಅನಾನಸಿನ ಪರಿಮಳವನ್ನು ಅಭ್ಯಾಸ ಮಾಡುತ್ತಿದ್ದ ಒಬ್ಬ ವಿಜ್ಞಾನಿ. ಕ್ಯಾಲ್ಟೆಕ್‌ನಲ್ಲಿದ್ದ ಡಚ್ ಮೂಲದ ಏರಿ ಹಾಗೆನ್-ಸ್ಮಿಟ್, ವಾಹನಗಳೂ ತೈಲ ಶುದ್ಧೀಕರಣ ಘಟಕಗಳೂ ಬಿಡುವ ಹೈಡ್ರೋಕಾರ್ಬನ್ನುಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಾಗ ಓಜೋನ್ ಹುಟ್ಟಿ ಈ ಹೊಗೆಮಂಜು ಆಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ವಾಹನ ಕಂಪನಿಗಳು ಸುಲಭವಾಗಿ ಒಪ್ಪಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ರೂಪುಗೊಂಡಾಗ ಅದರ ಮೊದಲ ಅಧ್ಯಕ್ಷರಾದವರೂ ಇವರೇ.

1970ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆ ಬಿಗಿಯಾಯಿತು. 1975ರ ಮಾದರಿಯ ಕಾರುಗಳ ಸೈಲೆನ್ಸರ್ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂದು ಕೂತಿತು. ಮುಂದೆ ಬಂದ, ಮೂರು ಬಗೆಯ ವಿಷಗಳನ್ನೂ ಒಟ್ಟಿಗೆ ತಗ್ಗಿಸುವ ಕನ್ವರ್ಟರಿಗೆ ಒಂದು ಕಟ್ಟುನಿಟ್ಟು ಇತ್ತು: ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇರಬೇಕು. ಆಚೀಚೆ ಆದರೆ ಅದು ಸರಿಯಾಗಿ ಕೆಲಸ ಮಾಡದು. ಹಳೆಯ ಕಾರ್ಬ್ಯುರೇಟರಿಗೆ ಅಷ್ಟು ನಾಜೂಕು ಸಾಧ್ಯವಿರಲಿಲ್ಲ. ಹಾಗಾಗಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಬಂತು. ಅದರ ಮಾತು ಕೇಳಿ ಕ್ಷಣಕ್ಷಣಕ್ಕೂ ಇಂಧನವನ್ನು ಹೆಚ್ಚುಕಡಿಮೆ ಮಾಡುವ ಕಂಪ್ಯೂಟರ್ ಬಂತು.

ಆಗ ಹೊಸ ಪ್ರಶ್ನೆ ಎದ್ದಿತು. ಸೆನ್ಸರ್ ಕೆಟ್ಟರೂ ಗಾಡಿ ಓಡುತ್ತಲೇ ಇರುತ್ತದೆ, ವಿಷ ಮಾತ್ರ ಹೆಚ್ಚುತ್ತದೆ. ಮಾಲೀಕನಿಗೆ ತಿಳಿಯುವುದು ಹೇಗೆ? 1985ರಲ್ಲಿ ಕ್ಯಾಲಿಫೋರ್ನಿಯಾ ಮಂಡಳಿ ಒಂದು ನಿಯಮ ಮಾಡಿತು: 1988ರ ಮಾದರಿಯಿಂದ ವಾಹನ ತನ್ನ ಹೊಗೆ ನಿಯಂತ್ರಣದ ಮುಖ್ಯ ಭಾಗಗಳನ್ನು ತಾನೇ ಗಮನಿಸಬೇಕು, ಕೆಟ್ಟರೆ ದೀಪ ಹೊತ್ತಿಸಬೇಕು, ಕೋಡ್ ಇಟ್ಟುಕೊಳ್ಳಬೇಕು. ಇದನ್ನೇ ಈಗ ಮೊದಲ ತಲೆಮಾರಿನ ಒಬಿಡಿ ಎನ್ನುತ್ತಾರೆ.

ಆದರೆ ಯಾವ ಭಾಷೆಯಲ್ಲಿ ಹೇಳಬೇಕು ಎಂಬುದು ಕಂಪನಿಗಳಿಗೇ ಬಿಟ್ಟ ವಿಷಯವಾಗಿತ್ತು. ಜನರಲ್ ಮೋಟರ್ಸ್ ಗಾಡಿಗೆ ಪೇಪರ್ ಕ್ಲಿಪ್ ಸಾಕು. ಫೋರ್ಡ್‌ನಲ್ಲಾದರೆ ಮುಳ್ಳಿನ ವೋಲ್ಟ್‌ಮೀಟರ್ ಜೋಡಿಸಿ, ಮುಳ್ಳು ಎಷ್ಟು ಸಲ ಹಾರಿತು ಎಂದು ಎಣಿಸಬಹುದಿತ್ತು. ಹನ್ನೊಂದು ಎಂದರೆ ಎಲ್ಲ ಕ್ಷೇಮ. ಕ್ರೈಸ್ಲರ್‌ನಲ್ಲಿ ಕೀಲಿಯನ್ನು ಆನ್, ಆಫ್, ಆನ್, ಆಫ್, ಆನ್ ಎಂದು ತಿರುಗಿಸಬೇಕು. ಅಲ್ಲೂ ಹನ್ನೆರಡು ಬರುತ್ತದೆ, ಆದರೆ ಅದರ ಅರ್ಥ ಇತ್ತೀಚೆಗೆ ಯಾರೋ ಬ್ಯಾಟರಿ ತಂತಿ ಬಿಚ್ಚಿದ್ದರು ಎಂದು. ಒಂದೇ ಅಂಕಿ, ಬೇರೆ ಬೇರೆ ಲಿಪಿ. ಎಲ್ಲ ಕಂಪನಿಯ ಗಾಡಿಗಳೂ ಬರುವ ಊರ ಗ್ಯಾರೇಜಿನವರು ಎಷ್ಟು ಲಿಪಿ ಕಲಿಯಬೇಕು, ಎಷ್ಟು ಉಪಕರಣ ಕೊಳ್ಳಬೇಕು?

ಗಾಳಿಯ ಕಾನೂನೇ ಇದಕ್ಕೂ ಉತ್ತರ ಕೊಟ್ಟಿತು. 1990ರ ತಿದ್ದುಪಡಿ, ಕನೆಕ್ಟರ್ ಏಕರೂಪವಾಗಿರಬೇಕು, ಕೋಡ್ ಓದಲು ಒಂದೇ ಕಂಪನಿಯ ವಿಶೇಷ ಸಾಧನ ಬೇಕಾಗಬಾರದು, ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು ಎಂದಿತು. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರು, ಲಘು ಟ್ರಕ್ಕುಗಳಿಗೆಲ್ಲ ಹದಿನಾರು ಪಿನ್ನಿನ ಒಂದೇ ಕನೆಕ್ಟರ್ ಬಂತು. ಕೋಡುಗಳಿಗೂ ಸಾಮಾನ್ಯ ವ್ಯಾಕರಣ ಬಂತು. ಪಿ0301 ಎಂದರೆ ಪಿ ಎಂಜಿನ್-ಗೇರ್‌ಬಾಕ್ಸ್ ವಿಭಾಗ, ಸೊನ್ನೆ ಎಲ್ಲರಿಗೂ ಸಾಮಾನ್ಯವಾದ ಕೋಡ್, ಮೂರು ಕಿಡಿ ಹಾಗೂ ಉರಿತದ ಗುಂಪು. ಒಟ್ಟಾರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಆದರೂ ಜಗಳ ಮುಗಿಯಲಿಲ್ಲ. 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ವಾಹನ ರಿಪೇರಿಯ ಹಕ್ಕನ್ನು ಮತದ ಮೂಲಕ ಪಡೆದರು, ಶೇ. 80ಕ್ಕೂ ಹೆಚ್ಚು ಮತ ಅದರ ಪರವಾಗಿ ಬಿತ್ತು.

ಲಿಪಿ ಒಂದಾಯಿತು, ಓದು ಮಾತ್ರ ಸುಲಭವಾಗಲಿಲ್ಲ. ಹಳೆಯ ಷೆವ್ರೊಲೆಯ ನಲವತ್ತನಾಲ್ಕನೇ ಕೋಡ್ ನೋಡಿ: ಹೊಗೆಯಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಪಂಪು ಸೋತಿರಬಹುದು, ರಬ್ಬರ್ ಪೈಪು ಸೀಳಿ ಗಾಳಿ ನುಗ್ಗುತ್ತಿರಬಹುದು. ಅಥವಾ ಒಂದು ಸ್ಪಾರ್ಕ್ ಪ್ಲಗ್ ಸತ್ತಿರಬಹುದು. ಕಿಡಿ ಹತ್ತದ ಸಿಲಿಂಡರಿನಿಂದ ಪೆಟ್ರೋಲೂ ಆಮ್ಲಜನಕವೂ ಹಾಗೇ ಹೊರಬರುತ್ತವೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ಅದನ್ನು ನಂಬಿದ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕರೆಂಟಿನ ಕಾಯಿಲೆ ಇಂಧನದ ಕಾಯಿಲೆಯ ವೇಷ ಹಾಕಿರುತ್ತದೆ. ಬ್ಯಾಟರಿ ಬಿಚ್ಚಿದರೆ ಕೋಡ್ ಅಳಿಯುತ್ತದೆ, ದೀಪ ಆರುತ್ತದೆ. ಅಳಿದದ್ದು ದಾಖಲೆ, ರೋಗವಲ್ಲ.

ನಮ್ಮಲ್ಲಿ ಈ ದೀಪ ತಡವಾಗಿ ಬಂತು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿಯ ಡೀಸೆಲ್ ಪಂಪುಗಳು ನಮ್ಮ ಲಾರಿಗಳಲ್ಲಿ ದಶಕಗಟ್ಟಲೆ ದುಡಿದವು. ಆ ಯಾಂತ್ರಿಕ ಪಂಪಿಗೆ ಕಂಪ್ಯೂಟರಿಲ್ಲ, ಕೋಡಿಲ್ಲ. ಲಾರಿ ಮೇಸ್ತ್ರಿ ಹೊಗೆಯ ಬಣ್ಣವನ್ನೇ ಓದುತ್ತಿದ್ದ: ಕಪ್ಪಾದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಳಿಯಾದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ ಇಲ್ಲವೇ ಒಳಗೆ ನೀರು ಸೇರಿದೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ನಿಯಮ ಬಂದಾಗ, ಅದರ ಜೊತೆ ಒಬಿಡಿಯೂ ನಮ್ಮ ಕಾನೂನಿನ ಭಾಗವಾಯಿತು. ಈಗ ರಸ್ತೆ ಬದಿಯ ಗ್ಯಾರೇಜಿನಲ್ಲೂ ಸ್ಕ್ಯಾನರ್ ಕಾಣಸಿಗುತ್ತದೆ.

ಹೊಗೆಯ ಬಣ್ಣ ಓದುತ್ತಿದ್ದ ಮೇಸ್ತ್ರಿ ಒಂದು ಬಣ್ಣಕ್ಕೆ ಎರಡು ಮೂರು ಕಾರಣ ಇಟ್ಟುಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದ. ಸ್ಕ್ಯಾನರ್ ಹಿಡಿದವನಿಗೂ ಅದೇ ಬೇಕು. ಗಾಡಿಯನ್ನೇ ನಂಬಿ ಬದುಕುವವನಿಗೆ ಒಂದು ತಪ್ಪು ಓದು ಎಂದರೆ ಬೇಡದ ಪಾರ್ಟಿಗೆ ತೆತ್ತ ಹಣ, ಬಾಡಿಗೆ ತಪ್ಪಿದ ಎರಡು ದಿನ. ಅದೇ ರಸ್ತೆಯಲ್ಲಿ ನಡೆಯುವ ಉಳಿದವರಿಗೆ ಅದು ಉಸಿರಿನ ಮಾತು.