ಮನೆ ತೊರೆದು ಬಂದ ಗುರುಗಳು
ಹಾರೋಬೆಲೆ, ಕನಕಪುರ ತಾಲ್ಲೂಕು

ಅರ್ಕಾವತಿ ಜಲಾಶಯದಿಂದ ಹೆಸರಾದ ಹಾರೋಬೆಲೆಯಲ್ಲಿ ಹೆಚ್ಚಿನ ಮನೆಗಳು ಕಥೋಲಿಕ ಕ್ರೈಸ್ತರವು. ಇದು ಕನ್ನಡದಲ್ಲೇ ಜಪ ಹೇಳುವ ಊರು.

ಮೈಸೂರು ಸೀಮೆಯಲ್ಲಿ ಈ ಧರ್ಮಪ್ರಚಾರ ಶುರುವಾದದ್ದು 1649ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. ಇಟಲಿಯಿಂದ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ನೆಲೆನಿಂತು ಕನ್ನಡ ಕಲಿತರು. ಕನ್ನಡಕ್ಕೊಂದು ವ್ಯಾಕರಣವನ್ನೂ ಬರೆದರು. ಇಲ್ಲಿನ ಯೇಸುಸಭೆಯವರು ಕಾವಿ ಉಟ್ಟು, ಮಾಂಸ ಬಿಟ್ಟು, ಸನ್ಯಾಸಿಗಳಂತೆ ಬದುಕಿದರು. ಮನೆ, ಹೆತ್ತವರು, ಹೊಲಗದ್ದೆಗಳನ್ನು ತನಗಾಗಿ ತೊರೆದವರ ಬಗ್ಗೆ ಯೇಸು ಹೇಳಿದ ಮಾತು ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯದಲ್ಲಿದೆ. ಸಂಸಾರ ಬಿಟ್ಟವರಿಗೆ ಕೈಮುಗಿಯುವ ರೂಢಿ ಇದ್ದ ಈ ನಾಡಿಗೆ ಅದು ತೀರಾ ಹೊಸ ಮಾತಾಗಿರಲಿಲ್ಲ.

1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಮಾಡಿದರು. ಮುಂದೆ ಫ್ರೆಂಚ್ ಗುರುಗಳು ಬಂದರು. ಅವರಲ್ಲಿ ಅಬ್ಬೆ ದ್ಯುಬುವಾ ಅವರನ್ನು ಮರೆಯುವಂತಿಲ್ಲ. ಕ್ರಾಂತಿಯ ಬೇಗೆಯಲ್ಲಿದ್ದ ಫ್ರಾನ್ಸನ್ನು 1792ರಲ್ಲಿ ಬಿಟ್ಟ ಅವರು, ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿಗೆ ಬಂದರು. ಇಲ್ಲಿಯವರ ಉಡುಪು, ಊಟ, ನಡೆನುಡಿಗಳನ್ನೇ ತಮ್ಮದಾಗಿಸಿಕೊಂಡರು. ಸಿಡುಬು ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ, 1803–04ರಲ್ಲಿ, ಸಾವಿರಾರು ಜನಕ್ಕೆ ದೇವಿ ಹಾಕಿಸಿದರು. ಪರದೇಶಿ ಗುರುವೊಬ್ಬರ ಮಾತು ನಂಬಿ ಜನ ತೋಳು ಒಡ್ಡಿದ್ದು ಸಣ್ಣ ಸಂಗತಿಯಲ್ಲ.

ಹೊರಟವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಬಾಗಿಲಲ್ಲಿ ನಿಂತು ಕಳಿಸಿಕೊಟ್ಟ ತಾಯಂದಿರ ಹೆಸರನ್ನೂ ಈ ಫಲಕದಲ್ಲಿ ಬರೆಯಬೇಕಿತ್ತು. ದ್ಯುಬುವಾ ತಾಯ್ನಾಡಿಗೆ ಹೊರಟದ್ದು 1823ರಲ್ಲಿ, ಮನೆ ಬಿಟ್ಟ 31 ವರ್ಷಗಳ ಬಳಿಕ.