ಸರ್ಫಿಂಗ್ ಹಲಗೆ: ಒಂದು ಕಾರ್ಖಾನೆ ಮುಚ್ಚಿದ ಮೇಲೆ

ಮೂಲ್ಕಿ, ಸಸಿಹಿತ್ಲು ಕಡೆಯವರಿಗೆ ಸರ್ಫಿಂಗ್ ಹೊಸದಲ್ಲ. ಉಳಿದವರು ಮೊಬೈಲಿನಲ್ಲಾದರೂ ನೋಡಿರುತ್ತೀರಿ, ಉದ್ದನೆಯ ಹಲಗೆ ಮೇಲೆ ನಿಂತು ಅಲೆಯ ಜೊತೆ ಜಾರಿಕೊಂಡು ಬರುವುದನ್ನು. ಆ ಹಲಗೆಯೊಳಗೆ ಏನಿದೆ ಎಂದು ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು ಅಮೆರಿಕದ ಒಂದು ಕಾರ್ಖಾನೆಯ ಕತೆ.

ಮೊದಲು ಎಲ್ಲ ಮರದ್ದೇ. ಹವಾಯಿ ದ್ವೀಪದ ನಾಯಕರು ವಿಲಿವಿಲಿ ಎಂಬ ಮರದಿಂದ ಹದಿನೈದು ಅಡಿಗಳಷ್ಟು ಉದ್ದದ ಹಲಗೆ ಮಾಡಿಸುತ್ತಿದ್ದರು. (ನಮ್ಮ ಕಾಫಿ ತೋಟಗಳ ಹಾಲುವಾಣ ಈ ಮರದ ದಾಯಾದಿ.) ಮರ ಹಗುರವೇ, ಆದರೆ ಆ ಗಾತ್ರಕ್ಕೆ ತೂಕ ಇಲ್ಲದೆ ಇರುತ್ತದೆಯೇ? 1920ರ ದಶಕದಲ್ಲಿ ಟಾಮ್ ಬ್ಲೇಕ್ ಎಂಬಾತ ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ಹಳೆಯ ಹಲಗೆಗಳನ್ನು ನೋಡಿ ಅಂಥದ್ದೇ ಒಂದು ಮಾಡಿದ. ತೂಕ ಇಳಿಸಲು ನೂರಾರು ತೂತು ಕೊರೆದು, ಮೇಲೆ ತೆಳುವಾದ ಮರ ಹೊದಿಸಿದ. ಟೊಳ್ಳು ಹಲಗೆಗೆ 1932ರಲ್ಲಿ ಪೇಟೆಂಟ್ ಸಿಕ್ಕಿತು.

ದೊಡ್ಡ ತಿರುವು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, 1958ರ ಸುಮಾರಿಗೆ. ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಮರ ಬಿಟ್ಟು ಪಾಲಿಯುರೆಥೇನ್ ಫೋಮ್ ಹಿಡಿದರು. ಅಚ್ಚಿನಲ್ಲಿ ರಾಸಾಯನಿಕ ಸುರಿದರೆ ನೊರೆಯಂತೆ ಉಬ್ಬಿ ಗಟ್ಟಿಯಾಗುತ್ತದೆ. ಹೀಗೆ ಬಂದ ಒರಟು ದಿಮ್ಮಿಗೆ ಬ್ಲ್ಯಾಂಕ್ ಎನ್ನುತ್ತಾರೆ. ಬಡಗಿ ಮರ ಉಜ್ಜುವ ಹಾಗೆ ಅದನ್ನು ಉಜ್ಜಿ, ಆಕಾರ ತಂದು, ಫೈಬರ್ ಗ್ಲಾಸ್ ಬಟ್ಟೆ ಹಾಸಿ, ರಾಳ ಬಳಿದರೆ ಹಲಗೆ ಸಿದ್ಧ.

ಕ್ಲಾರ್ಕ್ 1961ರಲ್ಲಿ ತನ್ನದೇ ಕಂಪನಿ 'ಕ್ಲಾರ್ಕ್ ಫೋಮ್' ಶುರುಮಾಡಿದ. ಕ್ರಮೇಣ ಅಮೆರಿಕದ ಬಹುಪಾಲು ಹಲಗೆಗಾರರು ಇವನೊಬ್ಬನ ಬ್ಲ್ಯಾಂಕನ್ನೇ ನಂಬಿ ಕೂತರು. ಆಕಾರದಲ್ಲಿ ಏನೇನೋ ಹೊಸತು ಬಂತು. ಆಸ್ಟ್ರೇಲಿಯಾದ ಸೈಮನ್ ಆ್ಯಂಡರ್ಸನ್ ಹಲಗೆಯಡಿ ಮೂರು ರೆಕ್ಕೆ ಇಟ್ಟು 1981ರಲ್ಲಿ ದೊಡ್ಡ ಸ್ಪರ್ಧೆಗಳನ್ನೇ ಗೆದ್ದ. ಒಳಗಿನ ಸರಕು ಮಾತ್ರ ಹೆಚ್ಚಿನವರಿಗೆ ಅದೇ. ಅಗ್ಗದ ಸರಕು ಕೈಗೆ ಸಿಗುವಾಗ ಬೇರೆಯದನ್ನು ಹುಡುಕುವವರು ಯಾರು?

2005ರ ಡಿಸೆಂಬರ್ 5, ಸೋಮವಾರ. ಕಾರ್ಖಾನೆ ಮುಚ್ಚುತ್ತಿದ್ದೇನೆ ಎಂದು ಕ್ಲಾರ್ಕ್ ಗಿರಾಕಿಗಳಿಗೆ ಫ್ಯಾಕ್ಸ್ ಕಳಿಸಿದ. ಫೋಮಿಗೆ ಬೇಕಾದ ಟಿಡಿಐ ಶ್ವಾಸಕೋಶಕ್ಕೆ ಅಪಾಯಕಾರಿ ರಾಸಾಯನಿಕ; ಪರಿಸರ ನಿಯಮಗಳು, ಕೆಲಸಗಾರರ ಪರಿಹಾರದ ಮೊಕದ್ದಮೆಗಳ ಭಯವನ್ನು ಅವನೇ ಬರೆದುಕೊಂಡಿದ್ದ. ಅಚ್ಚುಗಳನ್ನೂ ಒಡೆಸಿಹಾಕಿದ. ಬ್ಲ್ಯಾಂಕಿನ ಬೆಲೆ ಏರಿತು, ಸಣ್ಣ ಕಾರ್ಯಾಗಾರದವರು ಕಂಗಾಲಾದರು. ನಿಯಮವೇ ಕಸುಬು ಕೊಂದಿತು ಎಂದು ಬೈದವರುಂಟು. ನಮಗೆ ಹಾಗೆ ಅನ್ನಿಸುವುದಿಲ್ಲ. ಕೆಲಸಗಾರರು ಉಸಿರಾಡುವ ಗಾಳಿಯ ಲೆಕ್ಕ ಬೆಲೆಯಲ್ಲಿ ಸೇರದಿದ್ದರೆ ಅಗ್ಗ ಎನ್ನುವುದೇ ಸುಳ್ಳು.

ಆಮೇಲೆ ಪಕ್ಕಕ್ಕಿಟ್ಟಿದ್ದ ದಾರಿಗಳೆಲ್ಲ ಮತ್ತೆ ತೆರೆದವು. ಥರ್ಮೋಕೋಲ್ ಜಾತಿಯ ಫೋಮನ್ನು ಬಾಬ್ ಸಿಮನ್ಸ್ 1940ರ ದಶಕದ ಕೊನೆಗೇ ಬಳಸಿ ನೋಡಿದ್ದ. ಮಾಮೂಲಿ ಪಾಲಿಯೆಸ್ಟರ್ ರಾಳ ತಗುಲಿದರೆ ಅದು ಕರಗುತ್ತದೆ, ಎಪಾಕ್ಸಿ ರಾಳವೇ ಬೇಕು. ಈಗ ಗಿಡಮೂಲದ ಅಂಶ ಬೆರೆಸಿದ ಎಪಾಕ್ಸಿಯೂ ಬಂದಿದೆ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಟಾಮ್ ವೆಗ್ನರ್ ಇನ್ನೂ ಹಿಂದಕ್ಕೆ ಹೋಗಿ, ಹವಾಯಿಯ 'ಅಲಾಯಾ' ಎಂಬ ರೆಕ್ಕೆಯಿಲ್ಲದ ತೆಳು ಹಲಗೆಯನ್ನು ಪೌಲೋನಿಯಾ ಮರದಲ್ಲಿ ಮಾಡತೊಡಗಿದ. ಅದಕ್ಕೆ ಫೋಮೂ ಬೇಡ, ಫೈಬರ್ ಗ್ಲಾಸೂ ಬೇಡ; ಮರಕ್ಕೆ ಎಣ್ಣೆ ಬಳಿದರೆ ನೀರಿಗಿಳಿಯಬಹುದು.