ಉಸಿರು ನುಡಿದ ಸಾಕ್ಷಿ

ಪಾನಮತ್ತನ ತೂರಾಟ ನಮ್ಮ ರಂಗಭೂಮಿಯಲ್ಲಿ ಬಹುಕಾಲದಿಂದ ನಗೆಯ ವಸ್ತು. ಅವನು ಎಡವಿದರೆ ಬೀಳುವವನು ಅವನೇ. ಆದರೆ ಅದೇ ಮನುಷ್ಯ ಮೋಟಾರಿನ ಚುಕ್ಕಾಣಿ ಹಿಡಿದಾಗ ಬೀಳುವವರು ಬೇರೆಯವರು. ಈ ವ್ಯತ್ಯಾಸವನ್ನು ಶಾಸನ ಎಷ್ಟು ನಿಧಾನವಾಗಿ ಅರಿತುಕೊಂಡಿತೆಂಬುದಕ್ಕೆ ಅಮೆರಿಕದ ರಾಜ್ಯಗಳ ಇತಿಹಾಸವೇ ಸಾಕ್ಷಿ.

ನ್ಯೂಯಾರ್ಕ್ ರಾಜ್ಯವು 1910ರಲ್ಲಿಯೇ ಕುಡಿದು ವಾಹನ ನಡೆಸುವುದನ್ನು ಅಪರಾಧವೆಂದು ವಿಧಿಸಿತು. ಆದರೆ ಕುಡಿದಿದ್ದನೆಂಬುದಕ್ಕೆ ಪ್ರಮಾಣವೇನು? ಬಾಯಿಯ ವಾಸನೆ, ಕಣ್ಣಿನ ಕೆಂಪು, ನಾಲಗೆಯ ತೊದಲು ಇವನ್ನು ಪೊಲೀಸರು ಹೇಳಬೇಕು, ಜ್ಯೂರಿಗಳು ನಂಬಬೇಕು. ತಾವೂ ಒಮ್ಮೊಮ್ಮೆ ಕುಡಿದು ಮನೆಗೆ ಮರಳಿದವರಿಗೆ ಆರೋಪಿಯ ಮೇಲೆ ಕನಿಕರ ಮೂಡಿದ್ದರೆ ಅಚ್ಚರಿಯಿಲ್ಲ.

ಇಂಡಿಯಾನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರೋಲಾ ಹಾರ್ಗರ್, ಬಲೂನಿನೊಳಕ್ಕೆ ಊದಿದ ಉಸಿರಿನಿಂದ ಮದ್ಯಸಾರವನ್ನು ಅಳೆಯುವ ಯಂತ್ರವನ್ನು ರೂಪಿಸಿದರು. 1939ರಲ್ಲಿ ಇಂಡಿಯಾನ ರಾಜ್ಯ, ರಕ್ತದಲ್ಲಿ ಮದ್ಯಸಾರ ಶೇಕಡಾ 0.15 ಮುಟ್ಟಿದರೆ ಅದನ್ನು ಅಮಲಿನ ಪುರಾವೆಯಾಗಿ ಪರಿಗಣಿಸಬಹುದೆಂದು ಶಾಸನ ಮಾಡಿತು. ವಾಸನೆಯ ಜಾಗಕ್ಕೆ ಅಂಕೆ ಬಂದಿತು. ಆದರೆ ಆ ಅಂಕೆ ಉದಾರವಾಗಿತ್ತು; ಇಂದಿನ ಮಿತಿಗೆ ಅದು ಹೆಚ್ಚುಕಡಿಮೆ ಇಮ್ಮಡಿ.

ಅಂಕೆಯಿದ್ದೂ ಶಿಕ್ಷೆ ಹಗುರವಾಗಿಯೇ ಉಳಿಯಿತು. 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕ್ಯಾಂಡಿ ಲೈಟ್ನರ್ ಎಂಬ ತಾಯಿಯ ಹದಿಮೂರು ವರ್ಷದ ಮಗಳನ್ನು ಪಾನಮತ್ತ ಚಾಲಕನ ಕಾರು ಬಲಿ ತೆಗೆದುಕೊಂಡಿತು. ಅವನು ಹಿಂದೆಯೂ ಇದೇ ಅಪರಾಧಕ್ಕೆ ಸಿಕ್ಕಿಬಿದ್ದವನೆಂದು ತಿಳಿದ ಆಕೆ ಅದೇ ವರ್ಷ ತಾಯಂದಿರ ಸಂಘಟನೆಯೊಂದನ್ನು ಸ್ಥಾಪಿಸಿದರು. ಅಲ್ಲಿಯವರೆಗೆ ಜನರು ದುರದೃಷ್ಟವೆಂದು ಕರೆಯುತ್ತಿದ್ದುದನ್ನು ಈ ತಾಯಂದಿರು ಅಪರಾಧವೆಂದು ಕರೆದರು.

ಅಲ್ಲಿ ಇಂಥ ಶಾಸನ ರಾಜ್ಯಗಳ ಅಧಿಕಾರ. ಆದ್ದರಿಂದ ಕೇಂದ್ರವು ಹೆದ್ದಾರಿ ಅನುದಾನವನ್ನು ಕಡಿಮೆ ಮಾಡುವ ಬೆದರಿಕೆಯ ಮೂಲಕವೇ ಅವನ್ನು ಒಪ್ಪಿಸಬೇಕಾಯಿತು: 1984ರ ಕಾಯಿದೆಯಿಂದ ಮದ್ಯ ಕೊಳ್ಳಲು ಇಪ್ಪತ್ತೊಂದರ ವಯೋಮಿತಿ, 2000ದ ಕಾಯಿದೆಯಿಂದ 0.08ರ ಮಿತಿ. 2004ರ ಹೊತ್ತಿಗೆ 50 ರಾಜ್ಯಗಳೂ ಈ ಮಿತಿಯನ್ನು ಅಂಗೀಕರಿಸಿದ್ದವು. 2018ರ ಕೊನೆಯಲ್ಲಿ ಯೂಟಾ 0.05ಕ್ಕೆ ಇಳಿಸಿತು. ಶಿಕ್ಷೆಯಲ್ಲಿ ಮಾತ್ರ ಸಾಮ್ಯವಿಲ್ಲ. ವಿಸ್ಕಾನ್ಸಿನ್‌ನಲ್ಲಿ ಮೊದಲ ತಪ್ಪು ಸಾಮಾನ್ಯವಾಗಿ ದಂಡದ ಪ್ರಕರಣವೇ ಹೊರತು ಕ್ರಿಮಿನಲ್ ಅಪರಾಧವಲ್ಲ. ನ್ಯೂ ಮೆಕ್ಸಿಕೊ 2005ರಿಂದ ಮೊದಲ ಬಾರಿ ತಪ್ಪಿತಸ್ಥರಾದವರ ಕಾರಿಗೂ, ಉಸಿರು ಪರೀಕ್ಷಿಸಿದ ಬಳಿಕವೇ ಎಂಜಿನ್ನು ಚಾಲೂ ಆಗುವ ಸಾಧನವನ್ನು ಕಡ್ಡಾಯಗೊಳಿಸಿತು.

ನಮ್ಮ 1988ರ ಮೋಟಾರು ವಾಹನಗಳ ಅಧಿನಿಯಮದ 185ನೆಯ ಪ್ರಕರಣದಲ್ಲಿರುವ ಮಿತಿ ಇನ್ನೂ ಕಠಿನ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ 0.03. 2019ರ ತಿದ್ದುಪಡಿ ಮೊದಲ ಅಪರಾಧದ ದಂಡವನ್ನು 10,000 ರೂಪಾಯಿಗೆ ಏರಿಸಿತು. ಆರು ತಿಂಗಳವರೆಗಿನ ಸೆರೆವಾಸವೂ ಉಂಟು.

ಆದರೂ ಶಾಸನ ಉಸಿರನ್ನು ಅಳೆಯುವುದು ಚಾಲಕ ರಸ್ತೆಗಿಳಿದ ಮೇಲೆ. ಅದಕ್ಕೂ ಮೊದಲು ಔತಣದ ಮನೆಯಲ್ಲಿ ಕುಡಿದ ಗೆಳೆಯನಿಂದ ಕೀಲಿಕೈ ಇಸಿದುಕೊಳ್ಳುವ ಕೆಲಸ ನಮ್ಮದು. ಅವನ ತೂರಾಟಕ್ಕೆ ನಾವು ನಕ್ಕು ಸುಮ್ಮನಾದರೆ, ಅದರ ಬೆಲೆಯನ್ನು ದಾರಿಯಲ್ಲಿ ಹೋಗುವ ಇನ್ನಾರೋ ತೆರಬೇಕಾದೀತು.